ಬೋರ್‌ವೆಲ್ ನೀರಿನ ವಿಷಕ್ಕೆ ಲೋಹದ ಆಕ್ಸೈಡಿನ ತಡೆ

ನೀರಿನಲ್ಲಿ ಕರಗಿದ ಆರ್ಸೆನಿಕ್ ಬಟ್ಟೆಯಲ್ಲಿ ಸೋಸಿದರೆ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಕುದಿಸಿದಷ್ಟೂ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದನ್ನು ನೀರಿನಿಂದ ಬೇರ್ಪಡಿಸಲು ಹೆಚ್ಚು ಬಳಕೆಗೆ ಬಂದಿರುವ ಉಪಾಯಗಳಲ್ಲೊಂದು ಕಬ್ಬಿಣ, ಅಲ್ಯೂಮಿನಿಯಂ, ಟೈಟಾನಿಯಂನಂಥ ಲೋಹಗಳ ಆಕ್ಸೈಡ್ ಹರಳುಗಳ ನಡುವೆ ನೀರು ಹಾಯಿಸುವುದು. ನೀರು ಕೆಳಗಿಳಿದು ಹೋಗುತ್ತದೆ, ಆರ್ಸೆನಿಕ್ ಹರಳಿನ ಮೈಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ಈ ಹರಳುಗಳಲ್ಲಿ ಕೆಲವು ಫ್ಲೋರೈಡನ್ನೂ ಹಿಡಿಯಬಲ್ಲವು.

ಕರ್ನಾಟಕಕ್ಕೆ ಎರಡು ವಿಷಗಳ ಕಾಟವೂ ಇದೆ, ಆದರೆ ಎಲ್ಲ ಕಡೆ ಒಂದೇ ತೆರನಾಗಿ ಅಲ್ಲ. ಆರ್ಸೆನಿಕ್ ಬಯಲಾದದ್ದು ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಗಣಿಗಳ ಆಸುಪಾಸಿನಲ್ಲಿ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಬೋರ್‌ವೆಲ್ ನೀರಿನ ಮುಖ್ಯ ತಕರಾರು ಫ್ಲೋರೈಡಿನದು. ಎರಡನ್ನೂ ಹಿಡಿಯುವ ರಸಾಯನ ಹೆಚ್ಚುಕಡಿಮೆ ಒಂದೇ. ಆದರೆ ಯಾವ ಆಕ್ಸೈಡ್ ಬೇಕು, ಎಷ್ಟು ಬೇಕು, ಎಷ್ಟು ದಿನ ಬಾಳುತ್ತದೆ ಎಂಬ ಲೆಕ್ಕ ಮಾತ್ರ ಪೂರ್ತಿ ಬೇರೆ. ಒಂದು ಜಿಲ್ಲೆಯಲ್ಲಿ ಗೆದ್ದ ಫಿಲ್ಟರ್ ಇನ್ನೊಂದು ಜಿಲ್ಲೆಯಲ್ಲಿ ಸೋಲುವುದು ಈ ಲೆಕ್ಕ ತಪ್ಪಿದಾಗ.

ಕಲ್ಲಿನಿಂದ ನೀರಿಗೆ

ಚಾಮರಾಜನಗರದ ಈ ಮೂರು ತಾಲ್ಲೂಕುಗಳ ನೆಲ ಒಂದೇ ಬಗೆಯ ಗಟ್ಟಿ ಕಲ್ಲಿನ ಮೇಲೆ ಕೂತಿದ್ದರೂ ನೀರಿನ ಸ್ಥಿತಿ ಒಂದೇ ಅಲ್ಲ. ಯಳಂದೂರು ಸುವರ್ಣಾವತಿ ನದಿಯ ಮತ್ತು ಕೆರೆಗಳ ಬಯಲು. ಅಲ್ಲಿ ಗದ್ದೆಯಿದೆ, ಮೇಲುನೀರಿನ ಆಸರೆಯಿದೆ. ಕೊಳ್ಳೇಗಾಲದ ಉತ್ತರಕ್ಕೆ ಕಾವೇರಿ ಹರಿಯುತ್ತದೆ. ಸುವರ್ಣಾವತಿಯೂ ಕೊನೆಗೆ ಅದನ್ನೇ ಸೇರುತ್ತದೆ. ಕೊಳ್ಳೇಗಾಲದಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ಹನೂರು ಹಾಗಲ್ಲ. ರಾಮಾಪುರ, ಲೊಕ್ಕನಹಳ್ಳಿ, ಕೌದಳ್ಳಿಗಳಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ ಅದು ಗುಡ್ಡಗಾಡು ಮತ್ತು ಮಳೆಯಾಶ್ರಿತ ಹೊಲಗಳ ಸೀಮೆ. ಹಿಂಗಾರಿನ ಮಳೆ ಕೈಕೊಟ್ಟರೆ ತೆರೆದ ಬಾವಿಗಳು ಬತ್ತುತ್ತವೆ, ಊರು ಬೋರ್‌ವೆಲ್ಲಿಗೆ ಜೋತುಬೀಳುತ್ತದೆ.

ಈ ನೆಲದಡಿಯ ಕಲ್ಲು ಮುಖ್ಯವಾಗಿ ನೈಸ್ ಮತ್ತು ಚಾರ್ನೊಕೈಟ್. ಬಿಳಿಗಿರಿರಂಗನ ಬೆಟ್ಟದ ಸಾಲೂ ಇದೇ ಚಾರ್ನೊಕೈಟಿನದು. ಇಂಥ ಗಟ್ಟಿ ಕಲ್ಲಿಗೆ ಸ್ವಂತ ರಂಧ್ರಗಳಿಲ್ಲ. ನೀರು ನಿಲ್ಲುವುದು ಬಿರುಕುಗಳಲ್ಲಿ. ಕಲ್ಲಿನಲ್ಲಿರುವ ಬಯೊಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್ ಖನಿಜಗಳ ಒಳಗೆ ಫ್ಲೋರಿನ್ ಅಡಗಿದೆ. ಬಿರುಕಿನಲ್ಲಿ ನೀರು ಹೆಚ್ಚು ಕಾಲ ತಂಗಿದಷ್ಟೂ ಅದು ಫ್ಲೋರೈಡ್ ರೂಪದಲ್ಲಿ ಕರಗಿ ಬರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ಕ್ಯಾಲ್ಸಿಯಂ ಫ್ಲೋರೈಡಾಗಿ ತಳಕ್ಕೆ ಇಳಿಸುತ್ತದೆ. ಬೈಕಾರ್ಬೋನೇಟ್ ಹೆಚ್ಚಿರುವ, ಸೋಡಿಯಂ ತುಂಬಿದ ಸವಳು ನೀರಿನಲ್ಲಿ ಕ್ಯಾಲ್ಸಿಯಂ ಮೊದಲೇ ಸುಣ್ಣದ ಹರಳಾಗಿ ಮಣ್ಣಿನಲ್ಲಿ ಕೂತುಬಿಟ್ಟಿರುವುದರಿಂದ ಫ್ಲೋರೈಡಿಗೆ ಕಡಿವಾಣವೇ ಇರುವುದಿಲ್ಲ. ಅಂತರ್ಜಲ ಕುಸಿದು ಬೋರ್‌ವೆಲ್ ಆಳಕ್ಕೆ ಇಳಿದಂತೆ ಸಿಗುವುದು ಬಹುಕಾಲ ಕಲ್ಲಿನ ಜೊತೆಗಿದ್ದ ಹಳೆಯ ನೀರು. ಹಾಗಾಗಿ ಒಂದೇ ಊರಿನ ಎರಡು ಬೋರ್‌ವೆಲ್‌ಗಳಲ್ಲಿ ಒಂದರ ನೀರು ಕುಡಿಯಲು ತಕ್ಕದ್ದಾಗಿದ್ದು, ಇನ್ನೊಂದರದು ಆಗದಿರಬಹುದು.

ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡ, ಅಂದರೆ ಐಎಸ್ 10500, ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪುತ್ತದೆ. ಬೇರೆ ನೀರು ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎನ್ನುತ್ತದೆ. ಅದಕ್ಕಿಂತ ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಸುಣ್ಣದ ಬಿಳಿ ಮಚ್ಚೆ, ಆಮೇಲೆ ಕಂದು ಗೆರೆ ಮೂಡುತ್ತವೆ. ವರ್ಷಗಟ್ಟಲೆ ಇನ್ನೂ ಹೆಚ್ಚಿನ ಪ್ರಮಾಣ ಕುಡಿದವರಲ್ಲಿ ಬೆನ್ನು, ಮಂಡಿ ಬಿಗಿಯುತ್ತವೆ. ಭಾರತದಲ್ಲಿ ಈ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ, ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಆಗ ಕೊಳ್ಳೇಗಾಲವೂ ಅದೇ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ.

ಆರ್ಸೆನಿಕ್‌ನ ದಾರಿ

ಆರ್ಸೆನಿಕ್ ನೀರಿಗೆ ಇಳಿಯುವ ಬಗೆ ಬೇರೆ. ಗಂಗಾ ಬಯಲಿನ ತುದಿಯಲ್ಲಿ, ಪಶ್ಚಿಮ ಬಂಗಾಳ ಮತ್ತು ಬಾಂಗ್ಲಾದೇಶಗಳಲ್ಲಿ, ಹಿಮಾಲಯದಿಂದ ಕೊಚ್ಚಿ ಬಂದ ಮರಳಿನ ಕಣಗಳಿಗೆ ಕಬ್ಬಿಣದ ಆಕ್ಸೈಡಿನ ತೆಳು ಲೇಪವಿದೆ. ಆ ಲೇಪ ಆರ್ಸೆನಿಕ್ಕನ್ನು ಹಿಡಿದಿಟ್ಟುಕೊಂಡಿರುತ್ತದೆ. ಕೊಳೆತ ಸಸ್ಯರಾಶಿ ಹುದುಗಿರುವ, ಆಮ್ಲಜನಕ ಮುಗಿದುಹೋದ ಪದರಗಳಲ್ಲಿ ಸೂಕ್ಷ್ಮಜೀವಿಗಳು ಈ ಕಬ್ಬಿಣವನ್ನು ಕರಗಿಸುತ್ತವೆ. ಅದರೊಂದಿಗೆ ಆರ್ಸೆನಿಕ್ ಬಿಡುಗಡೆಯಾಗಿ ಕೊಳವೆ ಬಾವಿ ಸೇರುತ್ತದೆ. ಕೊಲ್ಕತ್ತದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಚರ್ಮವೈದ್ಯ ಕೆ. ಸಿ. ಸಹಾ 1980ರ ದಶಕದ ಮೊದಲಲ್ಲಿ ಅಲ್ಲಿನ ರೋಗಿಗಳ ಚರ್ಮದ ಕಲೆಗಳಿಗೆ ಕುಡಿಯುವ ನೀರೇ ಕಾರಣವೆಂದು ಗುರುತಿಸಿದರು. ಅಂಗೈ, ಅಂಗಾಲು ಒರಟಾಗಿ ಗಂಟುಕಟ್ಟುವುದು, ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಕಲೆ, ಬಹುಕಾಲದ ಮೇಲೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರ್ ಇದರ ಪರಿಣಾಮಗಳು.

ಕರ್ನಾಟಕದ ಆರ್ಸೆನಿಕ್ ಬರುವುದು ಚಿನ್ನದ ಅದಿರಿನ ಜೊತೆಗಿರುವ ಆರ್ಸೆನೊಪೈರೈಟ್ ಎಂಬ ಖನಿಜದಿಂದ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಮಂಗಳೂರು ಎಂಬ ಹಳ್ಳಿಯ ಹಳೆಯ ಗಣಿಯ ಬಳಿ ಕಿರದಳ್ಳಿ ತಾಂಡಾ ಇದೆ. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು ಈ ಪ್ರದೇಶದ ಕುರಿತು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 59 ಕೊಳವೆ ಬಾವಿಗಳ ನೀರಿನ ಮಾದರಿಗಳಲ್ಲಿ ಶೇಕಡಾ 79 ಮಿತಿ ದಾಟಿದ್ದವು. ಅತಿ ಹೆಚ್ಚಿನದರಲ್ಲಿ ಲೀಟರಿಗೆ 303 ಮೈಕ್ರೋಗ್ರಾಂ ಇತ್ತು. ಪರೀಕ್ಷಿಸಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚರ್ಮದ ಲಕ್ಷಣಗಳು ಕಂಡವು. ವಿಶ್ವ ಆರೋಗ್ಯ ಸಂಸ್ಥೆಯ ಸೂಚಿತ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ 0.01 ಮಿಲಿಗ್ರಾಂ. ಐಎಸ್ 10500 ಒಪ್ಪುವ ಮಿತಿಯೂ ಇದೇ. ಫ್ಲೋರೈಡಿಗೆ ಹಾಕಿದ ಮಿತಿಯ ನೂರನೇ ಒಂದು ಪಾಲು ಇದು.

ಹರಳಿನ ಮೈ ಮಾಡುವ ಕೆಲಸ

ಆಕ್ಸೈಡ್ ಹರಳು ವಿಷವನ್ನು ಸ್ಪಂಜಿನಂತೆ ಒಳಗೆ ಹೀರುವುದಿಲ್ಲ. ತನ್ನ ಮೇಲ್ಮೈಗೆ ಅಂಟಿಸಿಕೊಳ್ಳುತ್ತದೆ. ಪಠ್ಯಪುಸ್ತಕಗಳು ಇದನ್ನು ಅಧಿಶೋಷಣೆ ಎನ್ನುತ್ತವೆ. ಆದ್ದರಿಂದ ಹರಳಿನ ತೂಕಕ್ಕಿಂತ ಅದರ ಮೇಲ್ಮೈ ವಿಸ್ತಾರ ಮುಖ್ಯ. ಒಳ್ಳೆಯ ಆಕ್ಟಿವೇಟೆಡ್ ಅಲ್ಯೂಮಿನಾದ ಒಂದು ಗ್ರಾಂನಲ್ಲಿ, ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳ ಗೋಡೆಗಳನ್ನೂ ಸೇರಿಸಿ, 200ರಿಂದ 300 ಚದರ ಮೀಟರ್ ಮೇಲ್ಮೈ ಇರುತ್ತದೆ. ಗ್ರಾಂಗೆ 250 ಚದರ ಮೀಟರ್ ಎಂದು ಹಿಡಿದರೂ ಒಂದು ಕಿಲೋ ಹರಳಿನ ಮೇಲ್ಮೈ 60 ಎಕರೆ ದಾಟುತ್ತದೆ.

ನೀರಿಗೆ ಬಿದ್ದ ಆಕ್ಸೈಡಿನ ಮೇಲ್ಮೈ ತುಂಬ ಹೈಡ್ರಾಕ್ಸಿಲ್ ಗುಂಪುಗಳು, ಅಂದರೆ ಒಂದು ಆಮ್ಲಜನಕ ಮತ್ತು ಒಂದು ಜಲಜನಕದ ಜೋಡಿಗಳು, ಮೂಡುತ್ತವೆ. ನೀರು ಸ್ವಲ್ಪ ಆಮ್ಲೀಯವಾಗಿದ್ದರೆ ಈ ಜೋಡಿಗಳು ಇನ್ನೊಂದು ಪ್ರೋಟಾನ್ ಪಡೆದು ಧನ ವಿದ್ಯುದಾವೇಶ ತಳೆಯುತ್ತವೆ. ಕ್ಷಾರೀಯವಾಗಿದ್ದರೆ ಪ್ರೋಟಾನ್ ಕಳೆದುಕೊಂಡು ಋಣವಾಗುತ್ತವೆ. ಎರಡೂ ಸಮತೂಗುವ ಪಿಎಚ್ ಅಲ್ಯೂಮಿನಾದಲ್ಲಿ ಸುಮಾರು 8ರಿಂದ 9. ಫ್ಲೋರೈಡ್ ಮತ್ತು ಆರ್ಸೆನೇಟ್ ಎರಡೂ ಋಣ ಅಯಾನುಗಳು. ಮೇಲ್ಮೈ ಧನವಾಗಿದ್ದಾಗ ಅವು ಸೆಳೆತಕ್ಕೆ ಸಿಕ್ಕಿ ಹತ್ತಿರ ಬರುತ್ತವೆ, ಬಳಿಕ ಹೈಡ್ರಾಕ್ಸಿಲ್ಲನ್ನು ಹೊರದಬ್ಬಿ ಅದರ ಜಾಗದಲ್ಲಿ ತಾವೇ ಲೋಹದ ಪರಮಾಣುವಿಗೆ ಕಟ್ಟಿಕೊಳ್ಳುತ್ತವೆ. ಕಬ್ಬಿಣದ ಆಕ್ಸೈಡಿನ ಮೇಲೆ ಆರ್ಸೆನೇಟ್ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಕಬ್ಬಿಣದ ಪರಮಾಣುಗಳನ್ನು ಎರಡು ಆಮ್ಲಜನಕಗಳಿಂದ ಹಿಡಿಯುತ್ತದೆ ಎಂಬುದು ಎಕ್ಸ್-ರೇ ಅಧ್ಯಯನಗಳಿಂದ ಖಚಿತವಾಗಿದೆ. ಇಂಥ ಗಟ್ಟಿ ಹಿಡಿತ ಇರುವುದರಿಂದಲೇ ಲೀಟರಿಗೆ ಕೆಲವೇ ಮೈಕ್ರೋಗ್ರಾಂಗಳಷ್ಟು ವಿರಳವಾದ ವಿಷವನ್ನೂ ಹರಳು ಹೆಕ್ಕಬಲ್ಲದು.

ಆರ್ಸೆನಿಕ್ ವಿಷಯದಲ್ಲಿ ಒಂದು ತೊಡಕಿದೆ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ. ಆಮ್ಲಜನಕವಿರುವ ನೀರಿನಲ್ಲಿ ಆರ್ಸೆನೇಟ್. ಇದಕ್ಕೆ ಋಣ ಆವೇಶವಿದೆ, ಸುಲಭವಾಗಿ ಸಿಗುತ್ತದೆ. ಆಮ್ಲಜನಕವಿಲ್ಲದ ಆಳದ ನೀರಿನಲ್ಲಿ ಆರ್ಸೆನೈಟ್. ಪಿಎಚ್ ಸುಮಾರು 9ರವರೆಗೂ ಇದಕ್ಕೆ ಆವೇಶವೇ ಇಲ್ಲ, ಹಾಗಾಗಿ ಅಲ್ಯೂಮಿನಾದ ಕೈಗೆ ಸರಿಯಾಗಿ ಸಿಗುವುದಿಲ್ಲ. ವಿಷತ್ವವೂ ಇದರದೇ ಹೆಚ್ಚು. ಗಾಳಿಗೊಡ್ಡಿದರೆ ಆರ್ಸೆನೈಟ್ ಆರ್ಸೆನೇಟಾಗಿ ಬದಲಾಗುತ್ತದಾದರೂ ಬಲು ನಿಧಾನ. ಆದುದರಿಂದ ಫಿಲ್ಟರಿಗೆ ಮುಂಚೆ ಕ್ಲೋರಿನ್ ಅಥವಾ ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸುತ್ತಾರೆ, ಇಲ್ಲವೇ ಮ್ಯಾಂಗನೀಸ್ ಡೈಆಕ್ಸೈಡಿನ ಪದರ ಇಡುತ್ತಾರೆ. ನೀರುಗಂಟಿಗಳು ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಈ ಕೆಲಸವನ್ನು ನಿಮಿಷಗಳಲ್ಲಿ ಮುಗಿಸುತ್ತದೆ. ಫ್ಲೋರೈಡಿಗೆ ಇಂಥ ಎರಡು ರೂಪಗಳ ತಾಪತ್ರಯವಿಲ್ಲ.

ಯಾವ ಆಕ್ಸೈಡ್ ಯಾವುದಕ್ಕೆ

ಆಕ್ಟಿವೇಟೆಡ್ ಅಲ್ಯೂಮಿನಾ ಎರಡಕ್ಕೂ ಬಳಕೆಯಾಗುತ್ತದೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡನ್ನು ಹದವಾದ ಬಿಸಿಯಲ್ಲಿ ಹುರಿದು ನೀರಿನಂಶ ಹೊರಹಾಕಿದಾಗ ಉಳಿಯುವ ರಂಧ್ರಭರಿತ ಬಿಳಿ ಹರಳು ಇದು. ಪಿಎಚ್ 5.5ರಿಂದ 6ರ ಆಸುಪಾಸಿನಲ್ಲಿ ಇದರ ಕೆಲಸ ಅತ್ಯುತ್ತಮ. ಬೋರ್‌ವೆಲ್ ನೀರಿನ ಪಿಎಚ್ ಸಾಮಾನ್ಯವಾಗಿ 7ರಿಂದ ಮೇಲೆ ಇರುವುದರಿಂದ ಹಳ್ಳಿಯ ಘಟಕದಲ್ಲಿ ಇದರ ಸಾಮರ್ಥ್ಯದ ಒಂದು ಪಾಲು ಮಾತ್ರ ದಕ್ಕುತ್ತದೆ.

ಕಬ್ಬಿಣದ ಆಕ್ಸೈಡುಗಳು ಆರ್ಸೆನಿಕ್‌ಗೆ ಹೇಳಿಮಾಡಿಸಿದವು. ಜರ್ಮನಿಯಲ್ಲಿ 1990ರ ದಶಕದಲ್ಲಿ ರೂಪುಗೊಂಡ ಗ್ರಾನ್ಯುಲರ್ ಫೆರಿಕ್ ಹೈಡ್ರಾಕ್ಸೈಡ್ ಈಗ ಹಲವು ದೇಶಗಳ ನೀರಿನ ಘಟಕಗಳಲ್ಲಿದೆ. ಇದು ಸಾಮಾನ್ಯ ಪಿಎಚ್‌ನಲ್ಲೇ ಕೆಲಸ ಮಾಡುತ್ತದೆ, ಆರ್ಸೆನೈಟನ್ನೂ ಅಲ್ಯೂಮಿನಾಗಿಂತ ಚೆನ್ನಾಗಿ ಹಿಡಿಯುತ್ತದೆ. ಫ್ಲೋರೈಡಿನ ಮೇಲೆ ಮಾತ್ರ ಇದರ ಹಿಡಿತ ದುರ್ಬಲ. ಸುರಪುರಕ್ಕೆ ತಕ್ಕ ಕಬ್ಬಿಣದ ಫಿಲ್ಟರನ್ನು ತಂದು ಹನೂರಿನಲ್ಲಿ ಕೂರಿಸಿದರೆ ಫಲ ಸಿಗದಿರುವುದು ಇದರಿಂದಲೇ.

ಟೈಟಾನಿಯಂ ಡೈಆಕ್ಸೈಡ್ ಆರ್ಸೆನಿಕ್‌ನ ಎರಡೂ ರೂಪಗಳನ್ನು ಹಿಡಿಯುತ್ತದೆ, ಬೆಲೆ ಹೆಚ್ಚು. ಮ್ಯಾಂಗನೀಸ್ ಡೈಆಕ್ಸೈಡ್ ಹಿಡಿಯುವುದಕ್ಕಿಂತ ರೂಪ ಬದಲಿಸುವುದರಲ್ಲಿ ನಿಪುಣ. ಮೆಗ್ನೀಸಿಯಂ ಆಕ್ಸೈಡ್ ಫ್ಲೋರೈಡನ್ನು ಚೆನ್ನಾಗಿ ತೆಗೆಯುತ್ತದೆ, ಆದರೆ ನೀರಿನ ಪಿಎಚ್ಚನ್ನು ವಿಪರೀತ ಏರಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಧಾಕರ ರಾವ್ ಮತ್ತು ಸಂಗಡಿಗರು ರೂಪಿಸಿದ ವಿಧಾನದಲ್ಲಿ ಮೆಗ್ನೀಸಿಯಂ ಆಕ್ಸೈಡಿನಿಂದ ಫ್ಲೋರೈಡ್ ತೆಗೆದು, ಬಳಿಕ ಸೋಡಿಯಂ ಬೈಸಲ್ಫೇಟ್ ಹಾಕಿ ಪಿಎಚ್ಚನ್ನು ಮತ್ತೆ ಕುಡಿಯುವ ಮಟ್ಟಕ್ಕೆ ಇಳಿಸುತ್ತಾರೆ.

ಇವುಗಳಿಗಿಂತ ಹಳೆಯದು ನಲ್ಗೊಂಡ ವಿಧಾನ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಅಂದರೆ ನೀರಿ, 1970ರ ದಶಕದಲ್ಲಿ ಇದನ್ನು ರೂಪಿಸಿತು. ಬಕೆಟ್ ನೀರಿಗೆ ಸುಣ್ಣ ಮತ್ತು ಪಟಿಕ ಹಾಕಿ ಕಲಕಿದರೆ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಹಿಂಜಿದ ಹತ್ತಿಯಂಥ ಮೊತ್ತೆ ನೀರಿನಲ್ಲೇ ಹುಟ್ಟಿ, ಫ್ಲೋರೈಡನ್ನು ಹಿಡಿದು ಗಂಟೆಯೊಳಗೆ ತಳಕ್ಕಿಳಿಯುತ್ತದೆ. ಮೇಲಿನ ತಿಳಿನೀರನ್ನು ಬಸಿದುಕೊಳ್ಳಬೇಕು. ಖರ್ಚು ಕಡಿಮೆ, ಸಾಮಾನೆಲ್ಲ ಸಂತೆಯಲ್ಲೇ ಸಿಗುತ್ತದೆ. ದಿನವೂ ಅಳತೆ ತಪ್ಪದೆ ಹಾಕಬೇಕು, ಗಸಿಯನ್ನು ಎಲ್ಲಾದರೂ ಹಾಕಬೇಕು, ನೀರಿನಲ್ಲಿ ಅಲ್ಯೂಮಿನಿಯಂ ಉಳಿಯದಂತೆ ನೋಡಿಕೊಳ್ಳಬೇಕು ಎಂಬುದು ಇದರ ಕಷ್ಟ.

ಕೊಳವೆಯ ಒಳಗೆ ನಡೆಯುವುದು

ಹಳ್ಳಿಯ ಘಟಕದಲ್ಲಿ ಅಲ್ಯೂಮಿನಾ ಹರಳನ್ನು ಆಳೆತ್ತರದ ಸಿಲಿಂಡರಿನಲ್ಲಿ ತುಂಬಿರುತ್ತಾರೆ. ಹರಳಿನ ಗಾತ್ರ ರಾಗಿಕಾಳಿನಿಂದ ಸಾಸಿವೆಯ ಆಸುಪಾಸು. ನೀರು ಮೇಲಿನಿಂದ ಇಳಿಯುತ್ತದೆ, ಹರಳಿನ ನಡುವೆ ಐದರಿಂದ ಹತ್ತು ನಿಮಿಷ ತಂಗಿ ಹೊರಬರುತ್ತದೆ. ಮೊದಲ ದಿನಗಳಲ್ಲಿ ಮೇಲಿನ ಒಂದು ಗೇಣು ಪದರವೇ ಎಲ್ಲ ಕೆಲಸ ಮಾಡುತ್ತದೆ. ಕೆಳಗಿನ ಹರಳಿಗೆ ಶುದ್ಧ ನೀರೇ ತಲುಪುತ್ತದೆ. ಮೇಲಿನ ಪದರ ತುಂಬಿದಂತೆ ಕೆಲಸ ಮಾಡುವ ಪಟ್ಟಿ ಮೆಲ್ಲಗೆ ಕೆಳಕ್ಕೆ ಸರಿಯುತ್ತದೆ. ಅದು ತಳ ಮುಟ್ಟುವವರೆಗೆ ನಲ್ಲಿಯ ನೀರಿನಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಮುಟ್ಟಿದ ಮೇಲೆ ವಿಷದ ಪ್ರಮಾಣ ಬೇಗಬೇಗ ಏರಿ, ಒಳಗೆ ಬಂದಷ್ಟೇ ಹೊರಗೂ ಬರತೊಡಗುತ್ತದೆ. ನೀರಿನ ಬಣ್ಣ, ರುಚಿ, ರಭಸ ಯಾವುದೂ ಬದಲಾಗದ ಕಾರಣ, ಪರೀಕ್ಷೆ ಮಾಡದವರಿಗೆ ಇದು ಗೊತ್ತೇ ಆಗುವುದಿಲ್ಲ.

ಈ ದಿನ ಯಾವಾಗ ಬರುತ್ತದೆಂದು ಸರಳ ಲೆಕ್ಕದಿಂದ ಅಂದಾಜಿಸಬಹುದು. ಒಂದು ಕಿಲೋ ಹರಳು ಒಂದು ಗ್ರಾಂ ವಿಷ ಹಿಡಿಯುತ್ತದೆ ಎಂದುಕೊಳ್ಳೋಣ; ಅಲ್ಯೂಮಿನಾ ಮತ್ತು ಫ್ಲೋರೈಡ್ ಜೋಡಿಗೆ ಸಾಮಾನ್ಯ ಪಿಎಚ್‌ನಲ್ಲಿ ಇದು ವಾಸ್ತವಕ್ಕೆ ಹತ್ತಿರದ ಅಂಕಿ. ಆರ್ಸೆನಿಕ್ ಲೀಟರಿಗೆ 0.05 ಮಿಲಿಗ್ರಾಂ ಇರುವ ನೀರನ್ನು 0.01ಕ್ಕೆ ಇಳಿಸಲು ಲೀಟರಿಗೆ 0.04 ಮಿಲಿಗ್ರಾಂ ತೆಗೆದರೆ ಸಾಕು. ಒಂದು ಕಿಲೋ ಹರಳಿಗೆ 25,000 ಲೀಟರ್ ನೀರು ಸಾಗುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಬಳಸುವ ಮನೆಗೆ ಕಾಗದದ ಮೇಲೆ ಇದು ಮೂರು ವರ್ಷಕ್ಕೂ ಮೀರಿ ಬರುತ್ತದೆ. ಫ್ಲೋರೈಡ್ ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು 1ಕ್ಕೆ ಇಳಿಸಲು ಲೀಟರಿಗೆ 2 ಮಿಲಿಗ್ರಾಂ ತೆಗೆಯಬೇಕು. ಅದೇ ಕಿಲೋ ಹರಳು 500 ಲೀಟರಿಗೇ ತುಂಬಿಹೋಗುತ್ತದೆ. ಅದೇ ಮನೆಗೆ 25 ದಿನ.

200 ಮನೆಗಳ ಊರಿಗೆ ಇದೇ ಲೆಕ್ಕ ಹಿಗ್ಗಿಸಿದರೆ ದಿನಕ್ಕೆ 4,000 ಲೀಟರ್ ನೀರು, ಅದರಿಂದ ತೆಗೆಯಬೇಕಾದ ಫ್ಲೋರೈಡ್ 8 ಗ್ರಾಂ, ತುಂಬಿಹೋಗುವ ಹರಳು ದಿನಕ್ಕೆ 8 ಕಿಲೋ, ತಿಂಗಳಿಗೆ 240 ಕಿಲೋ. ಆರ್ಸೆನಿಕ್ ಘಟಕದ ಹರಳನ್ನು ವರ್ಷಕ್ಕೊಮ್ಮೆಯೋ ಅದಕ್ಕೂ ತಡವಾಗಿಯೋ ಬದಲಿಸಿದರೆ ನಡೆದೀತು. ಫ್ಲೋರೈಡ್ ಘಟಕಕ್ಕೆ ತಿಂಗಳು ತಿಂಗಳೂ ಆರೈಕೆ ಬೇಕು. ಕೊಳ್ಳೇಗಾಲ ಸೀಮೆಗೆ ಈ ತಂತ್ರಜ್ಞಾನ ಒಗ್ಗುವುದು ಹರಳಿನ ಗುಣಕ್ಕಿಂತ ಹೆಚ್ಚಾಗಿ ಈ ಆರೈಕೆಯ ಮೇಲೆ ನಿಂತಿದೆ.

ಲೆಕ್ಕವನ್ನು ಇನ್ನಷ್ಟು ಕುಗ್ಗಿಸುವವರೂ ನೀರಿನಲ್ಲೇ ಇದ್ದಾರೆ. ಫಾಸ್ಫೇಟ್, ಸಿಲಿಕೇಟ್, ಬೈಕಾರ್ಬೋನೇಟುಗಳೂ ಹರಳಿನ ಅದೇ ಜಾಗಗಳಿಗೆ ಪೈಪೋಟಿ ನಡೆಸುತ್ತವೆ. ಅಮಾವಾಸ್ಯೆಯ ದಿನ ಮಾದಪ್ಪನ ಬೆಟ್ಟಕ್ಕೆ ಹೊರಟ ಬಸ್ಸಿನ ಸೀಟುಗಳಂತೆ, ಮೊದಲು ಹತ್ತಿದವರು ಯಾರೇ ಆಗಲಿ ಹಿಂದಿನವರಿಗೆ ಜಾಗವಿಲ್ಲ. ಫಾಸ್ಫೇಟಿನ ರಚನೆ ಆರ್ಸೆನೇಟನ್ನೇ ಹೋಲುವುದರಿಂದ ಆರ್ಸೆನಿಕ್ ಫಿಲ್ಟರಿಗೆ ಅದೇ ದೊಡ್ಡ ಪ್ರತಿಸ್ಪರ್ಧಿ. ಗಟ್ಟಿ ಕಲ್ಲಿನ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೋನೇಟ್ ಮತ್ತು ಸಿಲಿಕಾ ಹೆಚ್ಚು. ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಕಂಡ ಸಾಮರ್ಥ್ಯ ಊರಿನಲ್ಲಿ ಕಾಣದಿರುವುದಕ್ಕೆ ಇದು ಮುಖ್ಯ ಕಾರಣ. ಹಾಗೆಯೇ ಗೊಬ್ಬರ ಮತ್ತು ಕೊಟ್ಟಿಗೆಯ ಕೊಳೆಯಿಂದ ಅಂತರ್ಜಲ ಸೇರುವ ನೈಟ್ರೇಟನ್ನು ಈ ಆಕ್ಸೈಡುಗಳು ಹಿಡಿಯುವುದಿಲ್ಲ. ಗಡಸುತನವೂ ಇಳಿಯುವುದಿಲ್ಲ, ರೋಗಾಣುಗಳೂ ಸಾಯುವುದಿಲ್ಲ.

ತುಂಬಿದ ಹರಳು ಎಲ್ಲಿಗೆ

ಫ್ಲೋರೈಡ್ ತುಂಬಿದ ಅಲ್ಯೂಮಿನಾವನ್ನು ಎಸೆಯಬೇಕಿಲ್ಲ. ಕಾಸ್ಟಿಕ್ ಸೋಡಾದ ತೆಳು ದ್ರಾವಣ ಹಾಯಿಸಿದರೆ ಮೇಲ್ಮೈ ಋಣವಾಗಿ ಫ್ಲೋರೈಡನ್ನು ಬಿಟ್ಟುಕೊಡುತ್ತದೆ. ಆಮೇಲೆ ತೆಳು ಗಂಧಕಾಮ್ಲದಿಂದ ತೊಳೆದರೆ ಹರಳು ಮತ್ತೆ ಕೆಲಸಕ್ಕೆ ಸಿದ್ಧ. ಪ್ರತಿ ಸಲವೂ ಸ್ವಲ್ಪ ಹರಳು ಕರಗಿ ನಷ್ಟವಾಗುತ್ತದೆ, ಸಾಮರ್ಥ್ಯವೂ ಒಂದಿಷ್ಟು ಕುಗ್ಗುತ್ತದೆ. ಹೊರಬಂದ ದ್ರಾವಣದಲ್ಲಿ ಇಡೀ ತಿಂಗಳ ಫ್ಲೋರೈಡ್ ಒಟ್ಟಾಗಿರುತ್ತದೆ. ಅದನ್ನು ಚರಂಡಿಗೆ ಬಿಟ್ಟರೆ ತೆಗೆದ ವಿಷ ಮತ್ತೆ ನೆಲಕ್ಕೇ ಸೇರಿದಂತೆ. ಸುಣ್ಣ ಬೆರೆಸಿದರೆ ಅದು ಕ್ಯಾಲ್ಸಿಯಂ ಫ್ಲೋರೈಡಾಗಿ ತಳಕ್ಕಿಳಿಯುತ್ತದೆ; ಆ ಗಸಿಯನ್ನು ಒಣಗಿಸಿ ಬೇರೆಯಾಗಿ ಇಡಬೇಕು. ಕಾಸ್ಟಿಕ್ ಸೋಡಾ ಮತ್ತು ಆಮ್ಲಗಳನ್ನು ಮನೆಗಳಲ್ಲಿ ಬಳಸುವುದು ಅಪಾಯವಾದ್ದರಿಂದ ಈ ಕೆಲಸ ತರಬೇತಿ ಪಡೆದವರ ಕೈಯಲ್ಲಿ, ತಾಲ್ಲೂಕಿಗೊಂದು ಕೇಂದ್ರದಲ್ಲಿ ನಡೆದರೆ ಲೇಸು.

ಆರ್ಸೆನಿಕ್ ತುಂಬಿದ ಕಬ್ಬಿಣದ ಗಸಿಗೆ ಇನ್ನೊಂದು ಎಚ್ಚರಿಕೆ ಬೇಕು. ಅದನ್ನು ಗಾಳಿಯಾಡದ ಕಸದ ಗುಂಡಿಯಲ್ಲಿ ಹೂತರೆ ಬಂಗಾಳದ ನೆಲದಡಿ ನಡೆದದ್ದೇ ಅಲ್ಲೂ ನಡೆಯುತ್ತದೆ: ಆಮ್ಲಜನಕ ಮುಗಿದು, ಕಬ್ಬಿಣ ಕರಗಿ, ಆರ್ಸೆನಿಕ್ ಹೊರಬರುತ್ತದೆ. ಅದಕ್ಕಾಗಿಯೇ ಪಶ್ಚಿಮ ಬಂಗಾಳದ ಸಮುದಾಯ ಘಟಕಗಳಲ್ಲಿ ಗಸಿಯನ್ನು ಗಾಳಿಯಾಡುವ ದಪ್ಪ ಮರಳಿನ ಹಾಸಿನ ಮೇಲೆ ಇಡುವ ಪದ್ಧತಿ ರೂಢಿಸಿದರು. ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಅರೂಪ್ ಸೇನ್‌ಗುಪ್ತಾ ಮತ್ತು ಹೌರಾದ ಬೆಂಗಾಲ್ ಎಂಜಿನಿಯರಿಂಗ್ ಕಾಲೇಜಿನವರು 1997ರಿಂದ ಅಲ್ಲಿನ ಕೈಪಂಪುಗಳಿಗೆ ಅಲ್ಯೂಮಿನಾ ಸಿಲಿಂಡರ್ ಜೋಡಿಸುತ್ತ ಬಂದರು. ಊರಿನವರ ಸಮಿತಿ ಮನೆಮನೆಯಿಂದ ತಿಂಗಳ ವಂತಿಗೆ ಎತ್ತಿ ಘಟಕ ನಡೆಸುತ್ತಿತ್ತು. ತುಂಬಿದ ಹರಳು ಒಂದು ಕೇಂದ್ರಕ್ಕೆ ಹೋಗಿ ತೊಳೆಸಿಕೊಂಡು ವಾಪಸಾಗುತ್ತಿತ್ತು. ಬಾಂಗ್ಲಾದೇಶದಲ್ಲಿ ಅಬುಲ್ ಹುಸ್ಸಾಂ ರೂಪಿಸಿದ, ಕಬ್ಬಿಣದ ಚೂರು ಮತ್ತು ಮರಳಿನ ಬಕೆಟ್ ಫಿಲ್ಟರ್ 'ಸೋನೊ'ಗೆ 2007ರಲ್ಲಿ ಗ್ರೇಂಜರ್ ಪ್ರಶಸ್ತಿ ಬಂತು. ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡ ಕಬ್ಬಿಣದ ಆಕ್ಸಿಹೈಡ್ರಾಕ್ಸೈಡಿನ ನ್ಯಾನೊಕಣಗಳನ್ನು ಕೈಟೊಸಾನ್ ಎಂಬ ಜೈವಿಕ ಜಾಲದಲ್ಲಿ ಹಿಡಿದಿಟ್ಟು 'ಅಮೃತ್' ಎಂಬ ಹರಳು ತಯಾರಿಸಿದೆ. ಅದು ಆರ್ಸೆನಿಕ್‌ನ ಎರಡೂ ರೂಪಗಳನ್ನು ಸಾಮಾನ್ಯ ಪಿಎಚ್‌ನಲ್ಲೇ ಹಿಡಿಯುತ್ತದೆ.

ಮೂರು ತಾಲ್ಲೂಕುಗಳಿಗೆ ತಕ್ಕ ದಾರಿ

ಯಾವ ಹರಳೂ ಬೇಡವಾಗುವಂಥ ನೀರು ಸಿಗುವ ಕಡೆ ಅದೇ ಮೊದಲ ಆಯ್ಕೆ. ಕಾವೇರಿಯಂಥ ನದಿಯ ನೀರಿನಲ್ಲಿ ಫ್ಲೋರೈಡ್ ತೀರಾ ಕಡಿಮೆ. ಮರಳಿನಲ್ಲಿ ಸೋಸಿ, ಕ್ಲೋರಿನ್ ಹಾಕಿದರೆ ಸಾಕು. ಬಹುಗ್ರಾಮ ಯೋಜನೆಯ ಪೈಪು ತಲುಪುವ ಕೊಳ್ಳೇಗಾಲ, ಯಳಂದೂರಿನ ಬಯಲು ಊರುಗಳಿಗೆ ಇದು ಸಲೀಸು. ಗುಡ್ಡದ ಮೇಲಿನ ಊರುಗಳಿಗೆ, ಕಾಡಿನಂಚಿನ ಸೋಲಿಗ ಬುಡಕಟ್ಟಿನವರ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಪೈಪು ಏರಿಸುವುದು ದುಬಾರಿ. ಅಲ್ಲಿ ಚಾವಣಿಯ ಮಳೆನೀರು ಶೇಖರಿಸಿ ಕುಡಿಯಲು, ಅಡುಗೆಗೆ ಮೀಸಲಿಡಬಹುದು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಫ್ಲೋರೈಡ್ ಮಿತಿಯನ್ನು ತುಸುವೇ ಮೀರಿದ ಬೋರ್‌ವೆಲ್ ನೀರಿಗೆ ಮಳೆನೀರೋ ಕೆರೆಬದಿಯ ಬಾವಿಯ ನೀರೋ ಬೆರೆಸಿದರೂ ಪ್ರಮಾಣ ಇಳಿಯುತ್ತದೆ.

ಇದ್ಯಾವುದೂ ಸಾಲದ ಕಡೆ ಊರೂರಲ್ಲಿ ಈಗ ಕಾಣುವುದು ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ಕುಡಿಯುವ ನೀರಿನ ಘಟಕ. ಇವು ಬಹುಪಾಲು ಆರ್‌ಒ, ಅಂದರೆ ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸುವ, ಘಟಕಗಳು. ಫ್ಲೋರೈಡ್, ಆರ್ಸೆನೇಟ್, ನೈಟ್ರೇಟ್, ಗಡಸುತನ ಎಲ್ಲವನ್ನೂ ಆರ್‌ಒ ತೆಗೆಯುತ್ತದೆ, ಅದು ಅದರ ದೊಡ್ಡ ಅನುಕೂಲ. ಆದರೆ ಒಳಹೋದ ನೀರಿನ ದೊಡ್ಡ ಪಾಲನ್ನು, ಸಾಂದ್ರಗೊಂಡ ಲವಣಗಳ ಸಮೇತ, ಹೊರಚೆಲ್ಲುತ್ತದೆ. ಒತ್ತಡಕ್ಕೆ ಕರೆಂಟು ಬೇಕು. ಅಲ್ಯೂಮಿನಾ ಘಟಕ ನೀರನ್ನು ಚೆಲ್ಲುವುದಿಲ್ಲ, ಟ್ಯಾಂಕಿನ ಎತ್ತರದಿಂದ ಇಳಿಯುವ ನೀರಿನ ಬಲವೇ ಅದಕ್ಕೆ ಸಾಕು. ಬೇಸಿಗೆಯಲ್ಲಿ ಕೊಡಪಾನಕ್ಕೆ ಸಾಲು ನಿಲ್ಲುವ ಹನೂರಿನ ಊರುಗಳಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ನೀರಿನಲ್ಲಿ ಫ್ಲೋರೈಡ್ ಒಂದೇ ದೋಷವಾಗಿದ್ದರೆ ಅಲ್ಯೂಮಿನಾ, ಲವಣ ಮತ್ತು ನೈಟ್ರೇಟೂ ಮಿತಿ ಮೀರಿದ್ದರೆ ಆರ್‌ಒ ಎಂಬುದು ಒರಟಾದರೂ ಉಪಯುಕ್ತ ಸೂತ್ರ.

ಯಾವುದನ್ನು ಆರಿಸಿದರೂ ಮೊದಲ ಹೆಜ್ಜೆ ನೀರಿನ ಪರೀಕ್ಷೆ. ಜಲ ಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್ ಒದಗಿಸಿ, ಊರಿನ ಮಹಿಳೆಯರಿಗೆ ಅದರ ಬಳಕೆ ಕಲಿಸುವ ಏರ್ಪಾಡಿದೆ. ಫ್ಲೋರೈಡ್ ಕಿಟ್ಟಿನಲ್ಲಿ ಜಿರ್ಕೋನಿಯಂ ಲೋಹಕ್ಕೆ ಕಟ್ಟಿದ ಕೆಂಪು ಬಣ್ಣದ ದ್ರಾವಣವಿರುತ್ತದೆ. ನೀರು ಬಿದ್ದೊಡನೆ ಅದರಲ್ಲಿರುವ ಫ್ಲೋರೈಡ್ ಜಿರ್ಕೋನಿಯಂ ಅನ್ನು ಬಣ್ಣದಿಂದ ಕಿತ್ತುಕೊಳ್ಳುತ್ತದೆ. ಕೆಂಪು ಮಾಸಿ ಹಳದಿಯ ಕಡೆಗೆ ತಿರುಗುತ್ತದೆ. ಎಷ್ಟು ತಿರುಗಿತೆಂಬುದನ್ನು ಕಾರ್ಡಿನ ಬಣ್ಣಗಳೊಡನೆ ಹೋಲಿಸಿ ಪ್ರಮಾಣ ಓದುತ್ತಾರೆ. ಆರ್ಸೆನಿಕ್ ಕಿಟ್ಟಿನಲ್ಲಿ ನೀರಿಗೆ ಆಮ್ಲ ಮತ್ತು ಸತುವಿನ ಪುಡಿ ಹಾಕಿದಾಗ ಆರ್ಸೀನ್ ಅನಿಲ ಏಳುತ್ತದೆ. ಬಾಟಲಿಯ ಬಾಯಿಗಿಟ್ಟ ಮರ್ಕ್ಯುರಿಕ್ ಬ್ರೋಮೈಡ್ ಕಾಗದ ಹಳದಿಯಿಂದ ಕಂದಿಗೆ ತಿರುಗುತ್ತದೆ. ಈ ಅನಿಲ ಸ್ವತಃ ವಿಷವಾದ್ದರಿಂದ ಬಯಲಿನಲ್ಲಿ, ಗಾಳಿಯಾಡುವ ಕಡೆ ಮಾಡಬೇಕು. ಕಿಟ್ಟಿನಲ್ಲಿ ಅನುಮಾನ ಬಂದ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು.

ಘಟಕ ಶುರುವಾದ ಮೇಲೂ ಪರೀಕ್ಷೆ ನಿಲ್ಲುವಂತಿಲ್ಲ. ಬೋರ್‌ವೆಲ್ ನೀರನ್ನೂ ನಲ್ಲಿಯ ನೀರನ್ನೂ ಒಂದೇ ದಿನ ಪರೀಕ್ಷಿಸಿ, ಅಂದಿನವರೆಗೆ ಹಾದುಹೋದ ಲೀಟರುಗಳ ಮೀಟರ್ ಓದನ್ನು ಪಕ್ಕದಲ್ಲಿ ಬರೆದಿಟ್ಟರೆ, ಎರಡು ಮೂರು ಸುತ್ತುಗಳಲ್ಲಿ ಆ ಊರಿನ ನೀರಿಗೆ ಹರಳು ಎಷ್ಟು ಲೀಟರ್ ಬಾಳುತ್ತದೆಂಬ ನಿಜವಾದ ಅಂಕಿ ಸಿಗುತ್ತದೆ. ಆ ಅಂಕಿಯ ಮುಕ್ಕಾಲು ಭಾಗ ಮುಟ್ಟಿದಾಗ ಹರಳನ್ನು ತೊಳೆಯಲು ಕಳಿಸಿ, ಬದಲಿ ಸಿಲಿಂಡರ್ ಜೋಡಿಸಬೇಕು. ತೊಳೆದ ದ್ರಾವಣಕ್ಕೆ ಸುಣ್ಣ, ಗಸಿಗೆ ಪ್ರತ್ಯೇಕ ಜಾಗ, ಪಂಚಾಯಿತಿಯಲ್ಲಿ ಒಂದು ದಾಖಲೆ ಪುಸ್ತಕ, ಈ ಕೆಲಸಕ್ಕೆ ಸಂಬಳ ಪಡೆಯುವ ಒಬ್ಬರು, ಇಷ್ಟೂ ಇದ್ದಾಗಲೇ ಲೋಹದ ಆಕ್ಸೈಡ್ ಫಿಲ್ಟರ್ ವರ್ಷಗಟ್ಟಲೆ ತನ್ನ ಕೆಲಸ ಮಾಡುತ್ತದೆ.